ಉಜ್ಜಿ ಮುಚ್ಚಿದ ತೂತು

ನಿವೃತ್ತಿ ಆಗಿ ಇಂಡಿಗಿ ಬಂದ ಮ್ಯಾಲ ಓಣಿ ಮಂದಿ ಎಲ್ಲಾರೂ ಒಂದ ಪ್ರಶ್ನಿ ಕೇಳಾಕ ಹತ್ತಿದ್ರು: "ಸಂಗಪ್ಪಣ್ಣ, ಬೆಳಗಾವ್ಯಾಗ ಏನ ನೌಕರಿ ಮಾಡ್ತಿದ್ರಿ?" ಉಜ್ಜತಿದ್ದೆ ಅಂತಿದ್ದೆ. ಯಾವದೋ ಹೋಟೆಲಿನ್ಯಾಗ ಭಾಂಡಿ ತಿಕ್ಕತಿದ್ದನೋ ಏನೋ ಪಾಪ, ಹೇಳಾಕ ನಾಚಿಕಿ ಇದ್ದೀತು ಅಂದ್ಕೊಂಡು ಅವರು ಮಾತು ತೇಲಸತಿದ್ರು. ನನ್ನ ಹೆಂಡ್ತಿ ಶಾಂತವ್ವ ಮಾತ್ರ ಸುಮ್ಮನ ಕುಂದ್ರಾಕಿ ಅಲ್ಲ. "ಮೂವತ್ತೈದ ವರ್ಷ ಉಜ್ಜಿ ಬಂದಾರ್ರೀ, ಅದು ಖರೇ. ಆದ್ರ ನಮ್ಮ ಮನ್ಯಾಗ ಒಂದ ತಂಬಗಿ ಉಜ್ಜಿದ್ದು ನಾ ಕಂಡಿಲ್ಲ" ಅಂತಾಳ.

ಇದನ್ನ ಬರಿಯಾಕ ಕಾರಣ ನನ್ನ ತಂಗಿ ಮಗಳು ಭಾಗ್ಯಾ. ಬಸವನ ಬಾಗೇವಾಡಿಯಾಕಿ. ಡಿಪ್ಲೊಮಾ ಮುಗಿಸಿ ಲೋಹ ಪರೀಕ್ಷಾ ಮಾಡೋ ಒಂದ ಲ್ಯಾಬಿಗಿ ಹೋದ ತಿಂಗಳ ಸೇರ್ಯಾಳ. ಫೋನ್ ಮಾಡಿ, "ಮಾಮಾ, ಪುಸ್ತಕದಾಗ ಇರಲಾರದ್ದು ಏನರ ಇದ್ರ ಬರದು ಕೊಡು" ಅಂದ್ಲು. ಪುಸ್ತಕದಾಗ ಇರಲಾರದ್ದು ಅಂದ್ರ ನಾ ಮಾಡಿದ ತಪ್ಪು. ಅವು ಬೇಕಾದಷ್ಟು ಅದಾವ. ಬಡ್ತಿ ಸುದ್ದಿ ಬರಿಯೂದಿಲ್ಲ. ಎರಡು ಬಂದುವು, ಎರಡೂ ತಡಾ ಆಗಿ ಬಂದುವು, ಮುಗೀತು.

ಕೆಲಸ ಏನಂದ್ರ, ಯಾರರ ಒಂದ ಲೋಹದ ತುಣುಕು ಕಳಸ್ತಾರ. ಅದರಾಗ ಒಂದ ಚೂರು ಕೊಯ್ದು, ಕೈಯಾಗ ಹಿಡಿಯಾಕ ಬರ್ಲಿ ಅಂತ ಕರೀ ರಾಳದಾಗ ಹುಗಿದು ಬಿಲ್ಲಿ ಮಾಡ್ತೇವಿ. ಆಮ್ಯಾಲ ತಿರಗೋ ಚಕ್ರದ ಮ್ಯಾಲ ಉಸುಕಿನ ಕಾಗದ ಹಚ್ಚಿ ತಿಕ್ಕೂದು. ಮೊದಲ ಒರಟ ಕಾಗದ, ಆಮ್ಯಾಲ ಅದಕ್ಕಿಂತ ನಯಾ, ಅದಕ್ಕಿಂತ ನಯಾ, ಕಡೀಕ ಮೆತ್ತನ ಬಟ್ಟಿ. ಒಂದ ಗೀರು ಉಳೀಬಾರದು. ಹಂಗ ಉಜ್ಜಿದ್ದನ್ನ ಆಮ್ಲದಾಗ ಒಂದ ಕ್ಷಣ ಅದ್ದಿ, ತೊಳದು, ಮೈಕ್ರೋಸ್ಕೋಪಿನ ಕೆಳಗ ಇಟ್ರ ಲೋಹದ ಒಳಗಿನ ಹೆಣಿಗಿ ಕಾಣತೈತಿ. ಪುಸ್ತಕದಾಗ ಅದಕ್ಕ ಸೂಕ್ಷ್ಮರಚನೆ ಅಂತಾರ. ಅದನ್ನ ನೋಡಿ ಈ ಲೋಹ ಬಾಗತೈತೋ, ಮುರೀತೈತೋ, ಎಷ್ಟ ದಿನಾ ತಾಳತೈತೋ ಹೇಳಬೇಕು.

ಉಜ್ಜೂದು ನನಗ ನಮ್ಮವ್ವ ಕಲಿಸಿದ್ದು. ಸಿಂದಗಿ ತಾಲೂಕಿನ ಕನ್ನೊಳ್ಳಿಯೊಳಗ ನಮ್ಮ ಮನಿ ನೆಲಾ ಮಣ್ಣಿಂದು. ಸೋಮವಾರಕ್ಕೊಮ್ಮೆ ಸೆಗಣಿ ಕಲಿಸಿ ಸಾರಸೂದು. ಅಕ್ಕ ತಂಗೇರು ಹೊಲಕ್ಕ ಹೋದ ದಿನಾ ಅವ್ವ ನನ್ನ ಕುಂದರಸ್ತಿದ್ಲು. "ಬೆರಳಿನ ಗೆರಿ ಕಾಣಬಾರದು ನೋಡ ಸಂಗ್ಯಾ, ನೆಲಾ ಹಾಲು ಚೆಲ್ಲಿದಂಗ ಇರಬೇಕು" ಅಂತಿದ್ಲು. ಗಂಡಸಮಗಾ ನೆಲಾ ಸಾರಸ್ತಾನ ಅಂತ ಓಣಿ ಹುಡುಗ್ರು ನಕ್ರು, ಆದ್ರ ನನ್ನ ಕೈ ಪಳಗಿತು. ಲ್ಯಾಬಿನ್ಯಾಗ ಅದ ಕೈ ನನಗ ಹೆಸರು ತಂತು. ನಾ ಉಜ್ಜಿದ ಬಿಲ್ಲಿಯೊಳಗ ನಿಮ್ಮ ಹಲ್ಲು ನೀವ ಎಣಿಸಬಹುದಿತ್ತು. ಕನ್ನಡಿ ಸಂಗಪ್ಪ ಅಂತ ಕರಿಯಾಕ ಹತ್ತಿದ್ರು. ಏ ಬಿಡ್ರಿ ಬಿಡ್ರಿ ಅಂತಿದ್ದೆ, ಆದ್ರ ತಲೀಗಿ ಎರಡ ಕೋಡು ಆವಾಗನ ಮೂಡಿದ್ದುವು.

ನಮ್ಮ ಲ್ಯಾಬಿನ ಮುಖ್ಯಸ್ಥರು ದೇಸಾಯಿ ಸಾಹೇಬ್ರು. ಮಾತು ಕಡಿಮಿ, ಆಡಿದ್ರ ನೆಟ್ಟಗ ಎದಿಗಿ ನಾಟ್ತಿತ್ತು. ಭಾಳ ವರ್ಷ ಬರೇ ಕಬ್ಬಣ, ಉಕ್ಕು, ಹಿತ್ತಾಳಿ ಉಜ್ಜಿದ ಮ್ಯಾಲ ಒಂದಿನ ಟೈಟಾನಿಯಂ ಬಂತು. ಉಕ್ಕಿಗಿಂತ ಹಗುರ, ತುಕ್ಕು ಹಿಡಿಯೂದಿಲ್ಲ, ವಿಮಾನಕ್ಕ ಹಾಕ್ತಾರ, ಮನಶಾನ ಎಲುಬಿಗೂ ಹಾಕ್ತಾರ. ಸಾಹೇಬ್ರು, "ಸಂಗಪ್ಪ, ಇದರ ಪುಡಿ ಒಣಾ ಬಿಡಬ್ಯಾಡ, ಬೆಂಕಿ ಹಿಡೀತೈತಿ" ಅಂದ್ರು. ಲೋಹಕ್ಕ ಎಲ್ಲ್ಯರ ಬೆಂಕಿ ಹತ್ತತೈತೇನು ಅಂತ ನಾ ತಲಿ ಅಲ್ಲಾಡಿಸಿ ಮರತ ಬಿಟ್ಟೆ. ಕೊಯ್ಯೋ ಯಂತ್ರದ ಬುಡಕ ಮೂರ ದಿನದ ಪುಡಿ ಕೂಡಿತ್ತು. ಒಂದ ಕಿಡಿ ಬಿತ್ತು ನೋಡ್ರಿ, ಬೆಳ್ಳಗ ಉರಿಯಾಕ ಹತ್ತಿತು. ನಾ ಭಾಳ ಶ್ಯಾಣ್ಯಾ, ಓಡಿ ಹೋಗಿ ಒಂದ ಕೊಡ ನೀರ ತಂದು ಸುರಿದೆ. ಭುಸ್ಸಂತ ಆಳೆತ್ತರ ಎದ್ದಿತು. ಉರಿಯೋ ಟೈಟಾನಿಯಂಗ ನೀರು ಅಂದ್ರ ಬೆಂಕಿಗಿ ತುಪ್ಪ ಇದ್ದಂಗ ಅಂತ ಆಮ್ಯಾಲ ತಿಳೀತು. ಸಾಹೇಬ್ರು ಒಣ ಉಸುಕು ಸುರಿದು ಆರಿಸಿದ್ರು.

ನನ್ನ ಎರಡೂ ಹುಬ್ಬು ಹೋಗಿದ್ದುವು. ಮುಂದಿನ ವಾರ ಝಳಕಿಯೊಳಗ ಶಾಂತವ್ವನ ತಮ್ಮನ ಲಗ್ನ. ಹುಬ್ಬಿಲ್ಲದ ಗಂಡನ್ನ ತವರಮನಿಯವರಿಗಿ ಹ್ಯಾಂಗ ತೋರಸ್ಲಿ ಅಂತ ಆಕಿ ಕಾಡಿಗಿಯಿಂದ ಹುಬ್ಬು ತೀಡಿ ಕರಕೊಂಡು ಹೋದ್ಲು. ಅಕ್ಷತಿ ಹಾಕೋ ಹೊತ್ತಿಗಿ ಬೆವರ ಹತ್ತಿ ಎರಡೂ ಹುಬ್ಬು ಗಲ್ಲದ ತನಕಾ ಇಳದಿದ್ದುವು. ಆ ಲಗ್ನದ ಫೋಟೋದಾಗ ಮದುಮಗನ್ನ ಯಾರೂ ನೋಡೂದಿಲ್ಲ.

ಭಾಗ್ಯಾ, ಬೆಂಕಿ ಮಾತು ನಗಿಲೆ ಹೇಳಿದೆ, ಆಮ್ಲದ ಮಾತು ನಗಿಲೆ ಹೇಳೂದಿಲ್ಲ. ಟೈಟಾನಿಯಂಗ ಹಚ್ಚೋ ಆಮ್ಲ ಗಾಜನ್ನೂ ತಿಂತೈತಿ. ಕೈಗಿ ಬಿದ್ರ ಮೊದಲ ಉರಿ ಗೊತ್ತಾಗೂದಿಲ್ಲ, ಒಳಗ ಎಲುಬಿಗಿ ಇಳೀತೈತಿ. ರಬ್ಬರಿನ ಕೈಗವಸು ಹಾಕ್ಕೊಳ್ಳದ, ಮದ್ದಿನ ಮುಲಾಮು ಬಾಜೂಕ ಇಟ್ಕೊಳ್ಳದ ಅದರ ಬಾಟ್ಲಿ ಮುಟ್ಟಬ್ಯಾಡ. ಇದೊಂದು ಮಾತು ನಾ ಎಂದೂ ಮೀರಲಿಲ್ಲ, ಅಂತನ ಹತ್ತೂ ಬೆರಳು ಇಟ್ಕೊಂಡು ಇದನ್ನ ಬರಿಯಾಕತ್ತೇನಿ.

ಮುಂದ ಕೆಲವು ವರ್ಷಕ್ಕ ಪುಡಿಯಿಂದ ಮಾಡಿದ ಟೈಟಾನಿಯಂ ಬರಾಕ ಹತ್ತಿತು. ಥ್ರೀಡಿ ಪ್ರಿಂಟಿಂಗ್ ಅಂತಾರಲ್ಲ, ಅದು. ಹಿಟ್ಟಿನಂಥಾ ಲೋಹದ ಪುಡಿ ತೆಳ್ಳಗ ಹರವತಾರ, ಎಲ್ಲಿ ಬೇಕೋ ಅಷ್ಟ ಜಾಗಾ ಲೇಸರ್ ಹಾಯಿಸಿ ಕರಗಸ್ತಾರ. ಅದರ ಮ್ಯಾಲ ಮತ್ತೊಂದ ಪದರ ಪುಡಿ, ಮತ್ತ ಲೇಸರ್. ಹಿಂಗ ಸಾವಿರಗಟ್ಟಲೆ ಪದರ ಏರಿಸಿ ಬೇಕಾದ ಆಕಾರ ನಿಲ್ಲಸ್ತಾರ. ಎರಕಾ ಇಲ್ಲ, ಬಡಿಯೂದಿಲ್ಲ. ನನಗ ನಂಬಿಕಿ ಬರಲಿಲ್ಲ. ಹಿಟ್ಟಿನಿಂದ ರೊಟ್ಟಿ ಆಗೂದು ಗೊತ್ತಿತ್ತು, ಎಲುಬು ಆಗೂದು ಗೊತ್ತಿರಲಿಲ್ಲ.

ಮೊದಲನೇ ತುಣುಕು ಕೈಗಿ ಬಂತು. ಕನ್ನಡಿಯಂಗ ಉಜ್ಜಿ, ಆಮ್ಲದಾಗ ಅದ್ದಿ, ಮೈಕ್ರೋಸ್ಕೋಪಿನ್ಯಾಗ ನೋಡ್ತೇನಿ, ತುಂಬ ಗೀರ. ಅಡ್ಡ, ಉದ್ದ, ಒಂದರ ಮ್ಯಾಲೊಂದು. ಅಯ್ಯ ಶಿವನ, ನನ್ನ ಕೈಯಾಗ ಇಷ್ಟ ಗೀರ? ಮತ್ತ ಉಜ್ಜಿದೆ, ಮತ್ತ ಅದ್ದಿದೆ, ಮತ್ತ ಗೀರ. ಮೂರ ದಿನಾ ಹಿಂಗ ನಡೀತು. ಕಾಗದ ಕಳಪಿ ಅಂದೆ, ಬಟ್ಟಿ ಕಳಪಿ ಅಂದೆ, ಬೆಳಗಾವಿ ನೀರ ಸುಮಾರ ಅಂದೆ. ಕುಣಿಲಾರದಾಕಿ ನೆಲಾ ಡೊಂಕು ಅಂದ್ಲಂತ. ನಾಕನೇ ದಿನಾ ರಾಳದಾಗ ಲೋಹ ಹುಡಕಬೇಕಾತು, ಅಷ್ಟ ತೆಳ್ಳಗ ತಿಕ್ಕಿದ್ದೆ. ಸಾಹೇಬ್ರು ಬಂದು ಒಂದ ಕಣ್ಣಿಟ್ಟು ನೋಡಿದ್ರು.

"ಗೀರಲ್ಲೋ ಮಾರಾಯಾ, ಅದರ ಹೆಣಿಗಿನ ಅದು."

ಲೇಸರ್ ಕರಗಿಸಿದ ಲೋಹ ಕಣ್ಣ ಪಿಳಕಸೂದರಾಗ ಆರತೈತಿ. ಅಷ್ಟ ಗಡಬಡಿಯೊಳಗ ಅದರ ಒಳಗ ದಪ್ಪ ಹೆಣಿಗಿ ಕಟ್ಟಾಕ ಪುರಸತ್ತು ಎಲ್ಲಿ? ಸಣ್ಣ ಸಣ್ಣ ಸೂಜಿ ಹಂಗ ಹೆಪ್ಪಗಟ್ಟತಾವ. ನಾ ಮೂರ ದಿನಾ ತಿಕ್ಕಿ ತೆಗಿಯಾಕ ಹೊಂಟಿದ್ದು ಆ ಸೂಜಿ. ಸಾಹೇಬ್ರು ಅದ ಲೋಹದ ಒಂದ ಸರಳು ಜಗ್ಗೋ ಯಂತ್ರಕ್ಕ ಕಟ್ಟಿ ತೋರಿಸಿದ್ರು. ಭಾಳ ಹೊತ್ತು ಜಗ್ಗಿದ್ರೂ ಜಪ್ಪಯ್ಯ ಅನ್ನಲಿಲ್ಲ. ಆಮ್ಯಾಲ ಹೆಚ್ಚಿಗಿ ಹಿಗ್ಗಲಿಲ್ಲ, ಬಾಗಲಿಲ್ಲ, ಕಟಕ್ ಅಂತ ಮುರೀತು.

"ನೋಡ ಸಂಗಪ್ಪ, ಥೇಟ್ ನಿನ್ನಂಗ. ಬಿರುಸು ಐತಿ, ಬಾಗೂದು ಗೊತ್ತಿಲ್ಲ. ಒಲಿಯಾಗ ಇಟ್ಟು ಹದಾ ಮಾಡಬೇಕು" ಅಂದ್ರು.

ಹದಾ ಮಾಡೂದಂದ್ರ ಗಾಳಿ ತಗದ ಭಟ್ಟಿಯೊಳಗ ಕಾಯಿಸಿ ನಿಧಾನ ಆರಸೂದು. ಆವಾಗ ಸೂಜಿ ಹೋಗಿ ಸ್ವಲ್ಪ ದಪ್ಪನ ಪಟ್ಟಿ ಆಗತಾವ. ಬಲಾ ಚೂರು ತಗ್ಗತೈತಿ, ಆದ್ರ ಮುರಿಯೂಕಿಂತ ಮೊದಲ ಹಿಗ್ಗತೈತಿ, ಬಾಗತೈತಿ. ಬರೇ ಬಲಾ ನೋಡಿ ಲೋಹ ಆರಸಬಾರದು ಅಂತ ಅವತ್ತ ಕಲಿತೆ. ನನ್ನ ಹದದ ಮಾತು ಬ್ಯಾರೆ, ಅದಕ್ಕ ಇನ್ನೂ ಟೈಮ್ ಇತ್ತು.

ಈಗ ಮುಖ್ಯ ಸುದ್ದಿಗಿ ಬರ್ತೇನಿ. ಇದನ್ನ ಬರೀಬೇಕೋ ಬ್ಯಾಡೋ ಅಂತ ಎಂಟ ದಿನಾ ಪೆನ್ನಿನ ಟೊಪಗಿ ತಗದು ಹಾಕಿ ಮಾಡೇನಿ.

ರೇಣುಕಾ ಅಂತ ಒಬ್ಬಾಕಿ ಹೊಸದಾಗಿ ನನ್ನ ಕೈಕೆಳಗ ಸೇರಿದ್ಲು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಾಕಿ. ಕಲತಿದ್ದು ನನಗಿಂತ ಹೆಚ್ಚು, ಉಜ್ಜೂದು ಮಾತ್ರ ಬರ್ತಿರಲಿಲ್ಲ. ಆಕಿ ಉಜ್ಜಿದ ಬಿಲ್ಲಿ ನೋಡಿದ್ರ ಬೆಕ್ಕು ಪರಚಿದಂಗ ಇರತಿತ್ತು. ದಿನಾ ಒಂದಿಷ್ಟು ಬೈತಿದ್ದೆ. ಆಕಿ "ಹೌದ್ರಿ ಸರ್" ಅಂದು ತನಗ ತಿಳಿದಂಗ ಮಾಡ್ತಿದ್ಲು.

ಒಂದಿನ ಆಕಿ ಅಳೋ ಮಾರಿ ಮಾಡ್ಕೊಂಡು ಬಂದ್ಲು. ತಂಗಡಗಿ ಸಾಲಿಯೊಳಗ ಆಕಿಗಿ ಕಲಿಸಿದ ಮಹಾದೇವಿ ಅಕ್ಕೋರಿಗಿ ತೊಡಿ ಎಲುಬಿನ ಮ್ಯಾಲತುದಿಗಿ ಕೆಟ್ಟ ಗಂಟು ಆಗಿತ್ತು. ಆ ಎಲುಬು ಕೊಯ್ದು ತಗದು, ಅದರ ಅಳತಿಗಿ ಪ್ರಿಂಟ್ ಮಾಡಿದ ಟೈಟಾನಿಯಂ ತುಣುಕು ಕೂಡಸೂದು ಅಂತ ಡಾಕ್ಟರು ಹೇಳಿದ್ರಂತ. ಮಾಡಿ ಕೊಡೋ ಕಂಪನಿ ನಮ್ಮ ಲ್ಯಾಬಿನ ಗಿರಾಕಿನ. ರೇಣುಕಾ ಈ ಕೆಲಸದಾಗ ಅದಾಳ ಅಂತ ಅಕ್ಕೋರು ಆಕಿನ್ನ ಕೇಳಿದ್ರು, ಈಕಿ ಧೈರ್ಯಾ ಹೇಳಿದ್ಲು.

ಇಂಥಾ ತುಣುಕು ಪ್ರಿಂಟ್ ಮಾಡೋವಾಗ ಅದ ಲೋಹದ ಹಲಗಿ ಮ್ಯಾಲ, ಅದ ಪುಡಿಯಿಂದ, ಬಾಜೂಕ ನಾಕೈದು ಸರಳೂ ನಿಲ್ಲಸ್ತಾರ. ಎಲುಬಿನ ತುಣುಕು ಕೊಯ್ದು ನೋಡಾಕ ಬರೂದಿಲ್ಲ, ಅದಕ್ಕ ಆ ಸರಳು ನಮ್ಮ ಕಡಿ ಬರ್ತಾವ. ಸರಳು ಛಲೋ ಇದ್ರ ತುಣುಕೂ ಛಲೋ ಅಂತ ಲೆಕ್ಕ. ಹದಾ ಮಾಡಿ ಕಳಿಸಿದ್ರು. ಜಗ್ಗಿದೆವು, ಪಾಸು. ಹೆಣಿಗಿ ನೋಡಿದೆವು, ಪಟ್ಟಿ ಪಟ್ಟಿ, ಚಂದ. ಉಳಿದಿದ್ದು ತೂತಿನ ತಪಾಸಣಿ. ಲೇಸರ್ ಎಲ್ಲ್ಯರ ಸರಿಯಾಗಿ ಕರಗಿಸಿರಲಿಲ್ಲಂದ್ರ ಎರಡ ಪದರಿನ ನಡುವ ಚಪ್ಪಟಿ ತೂತು ಉಳೀತಾವ. ಎಕ್ಸ್‌ರೇದಾಗ ಅವು ಸಿಗೂದು ಕಠಿಣ.

ನಾ ಕನ್ನಡಿ ಉಜ್ಜಿದೆ. ಒಂದ ತೂತಿಲ್ಲ. ರೇಣುಕಾ ಮತ್ತೊಂದ ಚೂರು ಉಜ್ಜಿದ್ಲು. ತುಂಬ ಗೀರು, ಆ ಗೀರಿನ ನಡುವ ನಾಕೈದು ಕರೀ ಸೀಳು.

"ಸರ್, ಇಲ್ಲಿ ತೂತ ಅದಾವ್ರಿ."

"ತೂತಲ್ಲವಾ ಅವು, ನಿನ್ನ ಕೈ ಪ್ರತಾಪ. ಒರಟ ಒರಟ ಉಜ್ಜಿ ಲೋಹ ಕಿತ್ತೀದಿ."

"ನನಗ ಹಂಗ ಅನಸೂದಿಲ್ರಿ."

ಕೋಡು ಮೂಡಿದ್ದುವು ಅಂದೆನಲ್ಲ. ಆಕಿ ಕೈಯಾಗಿಂದ ಬಿಲ್ಲಿ ಕಸಕೊಂಡೆ. ಸವದು ನುಣ್ಣಗಾದ ಕಾಗದದ ಮ್ಯಾಲ ಅರ್ಧಾ ತಾಸು, ಬಟ್ಟಿ ಮ್ಯಾಲ ಅರ್ಧಾ ತಾಸು ಉಜ್ಜಿ ಆಕಿ ಮುಂದ ಹಿಡಿದೆ. ಸೀಳು ಮಾಯ. "ನೋಡಿಲ್ಲೆ, ಎಲ್ಲಿ ಹೋದುವು ನಿನ್ನ ತೂತು?" ಅಂದೆ. ನಾ ರಿಪೋರ್ಟಿನ ಮ್ಯಾಲ ತೂತಿಲ್ಲ ಅಂತ ಬರದು, ಸಹಿ ಹಾಕಿ, ದೊಡ್ಡ ಸಾಹೇಬನಂಗ ಚಾ ಕುಡಿಯಾಕ ಹೋದೆ.

ಆ ವಾರ ಎರಡ ದಿನಾ ಸೂಟಿ ತಗೊಂಡು ಕನ್ನೊಳ್ಳಿಗಿ ಹೋದೆ. ಅವ್ವ ತೀರಿಕೊಂಡು ಭಾಳ ವರ್ಷ ಆಗಿದ್ದುವು. ಮನ್ಯಾಗ ಅಣ್ಣ, ವೈನಿ, ಮಕ್ಕಳು. ಮುಂದಿನ ಮನಿಗಿ ಫರಸಿ ಹಾಕಿಸ್ಯಾರ, ಹಿಂದಿನ ಪಡಸಾಲಿ ಮಾತ್ರ ಇನ್ನೂ ಮಣ್ಣಿಂದು. ಹಬ್ಬ ಬಂದಿತ್ತು, ವೈನಿ ಸಾರಸಾಕ ಕುಂತಿದ್ರು. "ಸರೀರಿ ವೈನಿ, ಅವ್ವನ ಕೈ ತೋರಸ್ತೇನಿ" ಅಂತ ಧೋತರಾ ಮ್ಯಾಲ ಕಟ್ಟಿ ಕುಂತೆ. ಸಾರಿಸಿದ್ದು ಏನ ಹೇಳ್ಲಿ, ಒಂದ ಗೆರಿ ಇಲ್ಲ. ಮೂಲ್ಯಾಗ ಒಂದ ಇಲಿ ಬಿಲಾ ಇತ್ತು, ಅದರ ಬಾಯಿನೂ ಮಟ್ಟಸಾಗಿ ತೀಡಿ ಮುಚ್ಚಿದೆ. ಸಂಜಿತನಕಾ ಬಂದವರಿಗೆಲ್ಲಾ ಕರದು ತೋರಿಸಿದೆ.

ಮರದಿನಾ ಮುಂಜಾನಿ ವೈನಿ ನೀರಿನ ಕೊಡ ಹೊತ್ತುಕೊಂಡು ಆ ಮೂಲಿಗಿ ಕಾಲಿಟ್ರು. ಹಿಮ್ಮಡಿ ಬುಸಕ್ಕಂತ ಒಳಗ ಹೋತು. ಕೊಡ ಹೋತು, ಕಾಲ ಉಳಕಿತು. ವೈನಿ ನೆಲದಾಗ ಕುಂತು ಕಾಲ ಹಿಡಕೊಂಡು ನನಗ ಮಂಗಳಾರತಿ ಎತ್ತಿದ್ರು.

"ಶ್ಯಾಣ್ಯಾರ, ಬಿಲಾ ಕಂಡ್ರ ಮೊದಲ ಕೆದರಬೇಕು, ಹಳ್ಳು ಕಲ್ಲು ತುಂಬಿ ಬಡೀಬೇಕು, ಆಮ್ಯಾಲ ಸಾರಸಬೇಕು. ಮ್ಯಾಲೆ ತೀಡಿದ್ರ ಬಿಲಾ ಹೋಗತೈತೇನು? ಬಿಲಾ ಕಾಣಾಕ ಇತ್ತಂದ್ರ ನಾನ ತಪ್ಪಿಸಿ ಕಾಲಿಡತಿದ್ದೆ!"

ನನಗ ನಗಿ ಬರಬೇಕಿತ್ತು. ಬರಲಿಲ್ಲ, ರೇಣುಕಾನ ಬಿಲ್ಲಿ ಕಣ್ಣ ಮುಂದ ಬಂತು. ಟೈಟಾನಿಯಂ ಅಂಟು ಗುಣದ ಲೋಹ, ಸವದ ಕಾಗದದ ಮ್ಯಾಲ ಭಾಳ ತಿಕ್ಕಿದ್ರ ಕೊಯ್ಯೂದಿಲ್ಲ, ಸೆಗಣಿಯಂಗ ಹರದು ಮೆತ್ತತೈತಿ. ಇದು ನನಗ ಗೊತ್ತಿಲ್ಲದ ಮಾತಲ್ಲ. ಹುಡುಗರಿಗಿ ಎಷ್ಟ ಸಲ ಹೇಳಿಲ್ಲ? ರೇಣುಕಾನ ಬಿಲ್ಲಿಯೊಳಗಿನ ಸೀಳು ನಾ ತಗದಿರಲಿಲ್ಲ, ಮುಚ್ಚಿದ್ದೆ. ಬರೋ ಗುರುವಾರ ಆ ತುಣುಕು ಅಕ್ಕೋರ ತೊಡಿಯಾಗ ಕೂಡಸೋರಿದ್ರು.

ಅಂಗಳದಾಗ ನಿಂತು ರೇಣುಕಾಗ ಫೋನ್ ಹಚ್ಚಿದೆ.

"ರೇಣುಕಾ, ಆ ಸರಳಿನ ಚೂರು ಇನ್ನ ಉಳಿದೈತೇನವಾ?"

"ಐತ್ರಿ ಸರ್. ನೀವ್ ಬಿಲ್ಲಿ ಕಸಕೊಂಡ ದಿನಾನ ಒಂದ ಚೂರು ತಗದು ಡಬ್ಬಿಯಾಗ ಇಟ್ಟೇನಿ."

"ಯಾಕ ಇಟ್ಟಿದ್ದಿ?"

"ನಿಮ್ಮ ಮ್ಯಾಲ ಸಿಟ್ಟ ಬಂದಿತ್ರಿ" ಅಂದ್ಲು.

ಸಿಂದಗಿಗಿ ಬಂದು, ಅಲ್ಲಿಂದ ವಿಜಯಪುರ, ಅಲ್ಲಿಂದ ಬೆಳಗಾವಿ. ದಾರಿ ತುಂಬ ಬಸ್ಸಿನ್ಯಾಗ ಒಂದ ವಿಚಾರ: ನಾ ಸುಮ್ಮನಿದ್ರ ಯಾರಿಗೂ ಗೊತ್ತಾಗೂದಿಲ್ಲ. ನಾಕೈದು ವರ್ಷಕ್ಕ ತುಣುಕು ಮುರದ್ರೂ ಡಾಕ್ಟರ ಕೈ ಸರಿ ಇಲ್ಲ ಅಂತಾರ, ಇಲ್ಲಾ ಅಕ್ಕೋರು ಜಾರಿ ಬಿದ್ರು ಅಂತಾರ. ಇಂಥಾ ವಿಚಾರ ತಲ್ಯಾಗ ಬಂದಿತ್ತು ಅಂತ ಬರಿಯಾಕ ಈಗೂ ನಾಚಿಕಿ ಆಗತೈತಿ. ಬಂದಿದ್ದು ಖರೇ, ಅದಕ್ಕ ಬರದೇನಿ.

ಆ ಚೂರನ್ನ ಸರಿಯಾದ ರೀತಿಲೆ ಮಾಡಿದೆವು. ಹೊಸಾ ಕಾಗದ, ಹಗುರ ಕೈ, ಸ್ವಲ್ಪ ಉಜ್ಜೂದು, ಆಮ್ಲ ಹಚ್ಚಿ ಮ್ಯಾಲ ಮೆತ್ತಿದ್ದನ್ನ ತಿನ್ನಿಸೂದು, ಮತ್ತ ಸ್ವಲ್ಪ ಉಜ್ಜೂದು. ಮೂರನೇ ಸಲಕ್ಕ ತೂತು ಒಂದೊಂದ ಬಾಯಿ ಬಿಟ್ಟುವು. ಪದರು ಪದರಿನ ನಡುವ ಚಪ್ಪಟಿ ಸೀಳು, ಅದರೊಳಗ ಕರಗದ ಪುಡಿ ಕಾಳು ಕಾಳಾಗಿ ಕುಂತಿತ್ತು. ನನ್ನ ಕನ್ನಡಿ ಬಿಲ್ಲಿನೂ ಹಂಗ ಮಾಡಿದೆವು. ಅದರಾಗ ಇನ್ನೂ ಹೆಚ್ಚು ಇದ್ದುವು. ಮ್ಯಾಲ ಥಳಕು, ಒಳಗ ಹುಳುಕು. ರೇಣುಕಾ "ನಾ ಹೇಳಿದ್ದೆನಲ್ರಿ" ಅನ್ನಲಿಲ್ಲ. ಅಂದಿದ್ರ ನನಗ ಅಷ್ಟ ಹಗುರ ಆಗತಿತ್ತು.

ದೇಸಾಯಿ ಸಾಹೇಬ್ರ ಮುಂದ ಹೋಗಿ ನಿಂತೆ. ಎಲ್ಲಾ ಹೇಳಿದೆ. ಅವರು ಕನ್ನಡಕ ತಗದು ಮೇಜಿನ ಮ್ಯಾಲ ಇಟ್ರು.

"ರಿಪೋರ್ಟ್ ಹೋಗೇತಿ, ಸಂಗಪ್ಪ."

"ಹೌದ್ರಿ. ತಪ್ಪೈತಿ ಅಂತ ಮತ್ತೊಂದ ಬರೀತೇನ್ರಿ."

"ಯಂತ್ರದ ತಪ್ಪು ಅಂತ ಬರೀಬಹುದು."

"ಯಂತ್ರ ಏನ ಮಾಡೀತ್ರಿ ಸಾಹೇಬ್ರ. ನಾ ಉಜ್ಜಿ ಮುಚ್ಚೇನಿ."

"ಕನ್ನಡಿ ಅನ್ನೋ ಹೆಸರ ಹೋಗತೈತಲ್ಲೋ."

"ಹೋಗ್ಲಿ ಬಿಡ್ರಿ."

ಸಾಹೇಬ್ರು ಕನ್ನಡಕ ಮತ್ತ ಹಾಕ್ಕೊಂಡು, "ಈಗ ಹದಾ ಆದಿ" ಅಂದು ಫೋನ್ ಎತ್ತಿದ್ರು.

ಕಂಪನಿಯವರು ಕುಣದಾಡಿದ್ರು. ಜಗ್ಗೋ ಪರೀಕ್ಷಾದಾಗ ಪಾಸಾಗೇತಲ್ಲ ಅಂದ್ರು. ಹೌದು, ಒಂದ ಸಲ ಜಗ್ಗಿದ್ರ ಇಂಥಾ ತೂತು ಅಷ್ಟು ಕಾಡೂದಿಲ್ಲ. ಆದ್ರ ಅಕ್ಕೋರು ಒಂದ ಹೆಜ್ಜಿ ಇಟ್ಟು ಕುಂದ್ರಾವರಲ್ಲ. ಹೆಜ್ಜಿಗೊಮ್ಮೆ ಭಾರ ಬೀಳತೈತಿ, ಎತ್ತತೈತಿ, ಮತ್ತ ಬೀಳತೈತಿ. ಹಂಗ ಲಕ್ಷಗಟ್ಟಲೆ ಸಲ ಆದಾಗ ಚಪ್ಪಟಿ ತೂತಿನ ಚೂಪ ಅಂಚಿನಿಂದ ಸಣ್ಣ ಬಿರುಕು ಹುಟ್ಟತೈತಿ, ದಿನಾ ಕೂದಲೆಳಿಯಷ್ಟು ಮುಂದ ಹೋಗತೈತಿ. ಉಳಿದ ಸರಳು ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಪರೀಕ್ಷಾ ಮಾಡಿ ತೋರಿಸಿದೆವು. ತಾಳಬೇಕಾದಷ್ಟರಾಗ ಕಾಲಭಾಗನೂ ತಾಳಲಿಲ್ಲ. ಮುರದ ಬಾಯಿ ನೋಡಿದ್ರ ನಡುವ ಒಂದ ಚಪ್ಪಟಿ ತೂತು. ಅದನ್ನ ಕಂಡ ಮ್ಯಾಲ ಅವರ ಬಾಯಿ ಬಂದಾತು.

ಗುರುವಾರದ ಆಪರೇಶನ್ ನಿಂತಿತು. ಗಂಟು ಏನ ನಮ್ಮ ರಿಪೋರ್ಟ್ ಕಾಯಾಕ ಕುಂತಿರತೈತೇನು? ಔಷಧ ಮುಂದುವರಿಸಿ ಸ್ವಲ್ಪ ದಿನಾ ತಡೀತೇವಿ, ಭಾಳ ದಿನಾ ಆಗೂದಿಲ್ಲ ಅಂದ್ರಂತ ಡಾಕ್ಟರು. ರೇಣುಕಾ ಕಡಿಂದ ನನ್ನ ನಂಬರ ತಗೊಂಡು ಅಕ್ಕೋರು ಫೋನ್ ಮಾಡಿದ್ರು.

"ಪಾಸ್ ಮಾಡಿ ಆಮ್ಯಾಲ ಫೇಲ್ ಮಾಡಿದವ್ರು ನೀವ ಏನ್ರಿ?"

"ಹೌದ್ರಿ ಅಕ್ಕೋರ."

"ಇಪ್ಪತ್ತ ವರ್ಷದಿಂದ ಪೇಪರ ತಿದ್ದೇನ್ರಿ ನಾ. ತಪ್ಪಾಗಿ ಪಾಸ್ ಮಾಡಿದವ್ರು ಮುಚ್ಚಿಕೊಂಡು ಸುಮ್ಮನಿರತಾರ. ನೀವ್ಯಾಕ ಇರಲಿಲ್ಲ?"

ಬಸ್ಸಿನ್ಯಾಗ ಬಂದಿದ್ದ ವಿಚಾರ ನೆನಪಾತು. "ನಿಮ್ಮ ಕಾಲಾಗ ಹಾಕೂದಿತ್ತಲ್ರಿ" ಅಂದೆ.

ಅಕ್ಕೋರು ಸಣ್ಣ ದನಿಲೆ, "ಲಗೂ ಮಾಡ್ರಿ ಸರ್. ನನಗ ಭಾಳ ಅಂಜಿಕಿ ಆಗೇತಿ" ಅಂದ್ರು.

ನಾ ನೌಕರಿಯೊಳಗ ಎಷ್ಟೋ ಮಂದಿ ಕಡಿಂದ ಬೈಸಿಕೊಂಡೇನಿ. ಯಾವ ಬೈಗಳಾನೂ ಈ ಮಾತಿನಷ್ಟು ತಾಗಲಿಲ್ಲ. ಫೋನ್ ಇಟ್ಟು ಬಚ್ಚಲಮನ್ಯಾಗ ಹೋಗಿ ನಿಂತು ಅತ್ತೆ.

ಕಂಪನಿಯವರು ಲೇಸರಿನ ಹದಾ ಬದಲಿಸಿ ಹೊಸಾ ತುಣುಕು ಪ್ರಿಂಟ್ ಮಾಡಿದ್ರು. ಅಷ್ಟಕ್ಕ ಬಿಡಲಿಲ್ಲ ನಾವು. ದಪ್ಪ ಗೋಡಿಯ ಉಕ್ಕಿನ ಕೊಳವಿಯೊಳಗ ಇಟ್ಟು, ಕೆಂಪಗ ಕಾಯಿಸಿ, ನಾಕೂ ಕಡಿಯಿಂದ ಆರ್ಗಾನ್ ಅನಿಲದ ಒತ್ತಡ ಹಾಕಿ ಹಿಚಕಸಬೇಕು ಅಂದೆವು. ಹಂಗ ಹಿಚಕಿದ್ರ ಒಳಗಿನ ತೂತಿನ ಎರಡೂ ಗೋಡಿ ಕೂಡಿ ಒಂದಾಗತಾವ. ಇದು ಮುಚ್ಚೂದಲ್ಲ, ಬೆಸಿಯೂದು. ಹೊಸಾ ಸರಳು ಬಂದುವು. ನಾ ಚಕ್ರದ ಹತ್ತಿರ ಹೋಗಲಿಲ್ಲ, ರೇಣುಕಾನ ಉಜ್ಜಿದ್ಲು. ಹತ್ತಾರು ಕಡಿ ನೋಡಿದೆವು, ಸೀಳಿಲ್ಲ. ಸರಳು ಜಗ್ಗಿ ಬಿಟ್ಟು ಯಂತ್ರನ ದಣೀತು, ಮುರೀಲಿಲ್ಲ. ರಿಪೋರ್ಟಿನ ಮ್ಯಾಲ ಆಕಿ ಸಹಿ ಮೊದಲ, ನನ್ನದು ಕೆಳಗ. ಅದಕ್ಕ ಹಚ್ಚಿದ ಮೈಕ್ರೋಸ್ಕೋಪಿನ ಫೋಟೋದಾಗ ಎರಡ ಗೀರು ಇದ್ದುವು. ಗೀರಿನ ಫೋಟೋ ಕೆಳಗ ನನ್ನ ಹೆಸರು ಬಂದಿದ್ದು ಅದ ಮೊದಲು.

ಆಪರೇಶನ್ ಆತು. ಅಕ್ಕೋರು ಎದ್ದು ಕುಂತಾರ, ವಾಕರ್ ಹಿಡದಾರ, ಕೋಲ ಬಿಟ್ಟಾರ ಅಂತ ಸುದ್ದಿ ಬರತಿತ್ತು. ನಾ ಮಾತ್ರ ನೋಡಾಕ ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಳ್ಳೋ ಜಾತಿ ನಂದು. ಆಮ್ಯಾಲ ನಿವೃತ್ತಿನೂ ಆತು. ಬೀಳ್ಕೊಡೋ ದಿನಾ ಹುಡುಗ್ರು ನನಗ ಒಂದ ಕನ್ನಡಿನ ಕೊಟ್ರು, ಅದರ ಮೂಲ್ಯಾಗ ಬೇಕಂತನ ಒಂದ ಗೀರು ಹಾಕಿದ್ರು.

ಹೋದ ವರ್ಷ ರೇಣುಕಾ ಮುದ್ದೇಬಿಹಾಳದಾಗ ಮನಿ ಕಟ್ಟಿಸಿ ವಾಸ್ತುಶಾಂತಿಗಿ ಕರದ್ಲು. ಇಂಡಿಯಿಂದ ನಾನು ಶಾಂತವ್ವ ಹೋದೆವು. ಊಟದ ವ್ಯವಸ್ಥಾ ಮಾಳಿಗಿ ಮ್ಯಾಲ. ಮೆಟ್ಟಲ ಹತ್ತಿರ ರೇಣುಕಾ ನನ್ನ ಹಿಡದು ನಿಲ್ಲಿಸಿ, ಬಾಜೂಕಿನ ಇಳಕಲ್ ಸೀರಿಯವರಿಗಿ, "ಅಕ್ಕೋರ, ಇವರ ನೋಡ್ರಿ, ಪಾಸ್ ಮಾಡಿ ಫೇಲ್ ಮಾಡಿದವ್ರು" ಅಂದ್ಲು. ನನ್ನ ಕೈಯಾಗಿನ ಟವೆಲ್ ಕೆಳಗ ಬಿತ್ತು.

ಅಕ್ಕೋರು ಮ್ಯಾಲಿಂದ ಕೆಳಗಿನ ತನಕಾ ನೋಡಿದ್ರು, ಉತ್ತರ ಪತ್ರಿಕಿ ನೋಡಿದಂಗ.

"ಹೌದ್ರಿ ಸರ್, ನನ್ನ ಕಾಲಾಗಿಂದು ಭಾಳ ಹೊಳೀತೈತೇನ್ರಿ? ನೀವು ಕನ್ನಡಿಯಂಗ ಉಜ್ಜತಿದ್ರಂತ."

"ಇಲ್ರಿ ಅಕ್ಕೋರ, ಎಲುಬಿಗಿ ಹತ್ತೋ ಜಾಗಾ ಬೀಸುಕಲ್ಲಿನಂಗ ಒರಟ ಐತ್ರಿ. ಒರಟ ಇದ್ರನ ಎಲುಬು ಅದರೊಳಗ ಬೆಳದು ಹಿಡಕೋತೈತಿ."

"ಹಂಗಾರ ನೀವು ಅದಕ್ಕ ಕೈ ಹಚ್ಚಿಲ್ಲ."

"ಇಲ್ರಿ."

"ಪುಣ್ಯಾ ಬಂತು!" ಅಂತ ಅಕ್ಕೋರು ಬಾಯಿ ತುಂಬ ನಕ್ರು. ಶಾಂತವ್ವ ಅವರಿಗಿಂತ ಹೆಚ್ಚು ನಕ್ಲು.

ಅಕ್ಕೋರು ನನ್ನ ಮುಂದ ಮೆಟ್ಟಲ ಹತ್ತಿದ್ರು. ಒಂದ ಕಡಿ ಚೂರು ವಾಲತಿದ್ರು, ಅಷ್ಟ. ನಾ ಕಾಲ ನೋಡಬಾರದು ಅನ್ಕೋತನ, ಕಾಲ ನೋಡ್ಕೋತನ ಹಿಂದ ಹತ್ತಿದೆ. ನನ್ನ ಮೊಣಕಾಲು ದೇವ್ರು ಕೊಟ್ಟಿದ್ದು, ಅದು ಅರ್ಧಾ ದಾರ್ಯಾಗ ಕೈಕೊಟ್ಟಿತು. ಗೋಡಿ ಹಿಡದು ನಿಂತೆ. ಅಕ್ಕೋರು ತಿರುಗಿ ನೋಡಿ ಕೈ ಚಾಚಿದ್ರು.

"ಕೊಡ್ರಿ ಸರ್ ಕೈ. ಹಳೀ ಮಾಲು, ಗ್ಯಾರಂಟಿ ಮುಗದಿರಬೇಕು."

ಕೊಟ್ಟೆ. ಅವರು ಆ ಟೈಟಾನಿಯಂ ಕಾಲ ಗಟ್ಟಿ ಊರಿ ನನ್ನ ಮ್ಯಾಲಕ್ಕ ಎಳಕೊಂಡ್ರು. ಅವರ ಭಾರದ ಜೋಡಿ ನನ್ನ ಭಾರಾನೂ ಅದರ ಮ್ಯಾಲ ಬಿತ್ತು. ತಾಳಿತು.